ತಮಾಷೆ ಬಂಗಲೆಯ ಕಲ್ಲುಗಳು

ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ, ಹಿಂದೆ ಸಿಡ್ನಿ ರಸ್ತೆಯೆನಿಸಿ ಈಗ ಕಸ್ತೂರಬಾ ರಸ್ತೆಯೆಂಬ ಹೆಸರನ್ನು ಪಡೆದಿರುವ ಬೀದಿಯಲ್ಲಿ, ಎತ್ತರವಾದ ಕಂಬಗಳುಳ್ಳ ಕೆಂಪು ಬಣ್ಣದ ಕಟ್ಟಡವೊಂದುಂಟು. ಸರ್ಕಾರಿ ವಸ್ತುಸಂಗ್ರಹಾಲಯವೆಂಬುದು ಅದರ ಕಾಗದಪತ್ರದ ಹೆಸರು. ಹಿಂದಿನ ತಲೆಮಾರಿನ ಜನ ಅದನ್ನು ಕರೆಯುತ್ತಿದ್ದುದು ‘ತಮಾಷೆ ಬಂಗಲೆ’ ಎಂದು. ಹಳ್ಳಿಯಿಂದ ಸಂತೆಗೋ ಕಚೇರಿಗೋ ಬಂದವರು ಕೆಲಸ ಮುಗಿದ ಮೇಲೆ ಒಂದು ಗಳಿಗೆ ಅಲ್ಲಿ ಸುತ್ತಾಡಿ, ಕಂಡದ್ದನ್ನು ಊರಿಗೆ ಹೋಗಿ ಹೇಳುವುದು ವಾಡಿಕೆಯಾಗಿತ್ತಂತೆ. ಹೆಸರು ಹಾಸ್ಯದ್ದಾದರೂ ಅದರಲ್ಲಿ ಅಗೌರವವೇನೂ ಇಲ್ಲ. ಜನರು ಸಂತೋಷದಿಂದ ಹೋಗುತ್ತಿದ್ದ ಸ್ಥಳವೆಂಬುದಕ್ಕೆ ಆ ಹೆಸರೇ ಸಾಕ್ಷಿ. ಇಂದಿನ ಗೃಹಸ್ಥರು ಹೆಂಡತಿ ಮಕ್ಕಳೊಡನೆ ಹೋಗಿ, ಅರ್ಧ ಗಂಟೆಯಲ್ಲಿ ಎಲ್ಲ ಅಂಗಣಗಳನ್ನೂ ಸುತ್ತಿ, ಬಾಗಿಲ ಬಳಿ ಒಂದು ಛಾಯಾಚಿತ್ರ ತೆಗೆಸಿಕೊಂಡು ಹಿಂದಿರುಗುವುದನ್ನು ನೋಡಿದ್ದೇನೆ. ಅಂಥವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ: ಎಲ್ಲವನ್ನೂ ನೋಡಬೇಡಿ, ಒಂದೆರಡು ಕಲ್ಲುಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಸಂಗ್ರಹಾಲಯ ಹುಟ್ಟಿದ ಬಗೆಯನ್ನು ಮೊದಲು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಮದರಾಸಿನ ಸೈನ್ಯದಲ್ಲಿ ವೈದ್ಯರಾಗಿದ್ದ ಎಡ್ವರ್ಡ್ ಬಾಲ್ಫರ್ ಎಂಬ ಮಹನೀಯರು 1851ರಲ್ಲಿ ಮದರಾಸಿನ ಸಂಗ್ರಹಾಲಯವನ್ನು ಸ್ಥಾಪಿಸಿದವರು. ಅವರ ಪ್ರಯತ್ನದಿಂದಲೇ 1865ರಲ್ಲಿ ಬೆಂಗಳೂರಿನದೂ ಆರಂಭವಾಯಿತು. ಆಗ ಮೈಸೂರು ಸೀಮೆಯ ಆಡಳಿತ ಚೀಫ್ ಕಮಿಷನರ್ ಬೌರಿಂಗ್ ಅವರ ಕೈಯಲ್ಲಿತ್ತು. ಮೊದಲಿಗೆ ಅದು ದಂಡಿನ ಪ್ರದೇಶದಲ್ಲಿತ್ತು. ಆ ಭಾಗದ ರಸ್ತೆಗೆ ‘ಮ್ಯೂಸಿಯಂ ರೋಡ್’ ಎಂಬ ಹೆಸರು ನಿಂತದ್ದು ಅದರಿಂದ. ಸಂಗ್ರಹಾಲಯ ಅಲ್ಲಿಂದ ಎದ್ದು ಹೋಗಿ ಒಂದೂವರೆ ಶತಮಾನವೇ ಆಗುತ್ತ ಬಂದರೂ ಹೆಸರು ಮಾತ್ರ ಬೀದಿಯನ್ನು ಬಿಟ್ಟಿಲ್ಲ. ಈಗಿನ ಕಟ್ಟಡ 1877ರ ಸುಮಾರಿಗೆ ಸಿದ್ಧವಾದದ್ದು; ಅದರ ನಕ್ಷೆ ಕರ್ನಲ್ ಸ್ಯಾಂಕಿಯವರದು. ಎದುರಿನ ತೋಟವನ್ನು ರೂಪಿಸಿದವರೂ, ಅಠಾರಾ ಕಚೇರಿಯನ್ನು ಕಟ್ಟಿಸಿದವರೂ ಅವರೇ. ಆ ವರ್ಷಗಳನ್ನು ಮೈಸೂರು ಸೀಮೆಯ ಹಳಬರು ಬೇರೊಂದು ಕಾರಣಕ್ಕಾಗಿ ನೆನೆಯುತ್ತಿದ್ದರು. ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ ನಾಡನ್ನು ಹಾಳುಮಾಡಿದ್ದು ಸರಿಯಾಗಿ ಆಗಲೇ. ಒಂದು ಕಡೆ ಜನ ಅನ್ನವಿಲ್ಲದೆ ಊರು ಬಿಡುತ್ತಿದ್ದಾಗ ಇನ್ನೊಂದು ಕಡೆ ಈ ಕಂಬಗಳು ಏಳುತ್ತಿದ್ದವೆಂಬುದನ್ನು ನೆನೆದರೆ ಮನಸ್ಸಿಗೆ ಒಂದು ಬಗೆಯಾಗುತ್ತದೆ.

ಒಳಗೆ ಏನೇನಿದೆಯೆಂದು ಪಟ್ಟಿ ಕೊಡುವುದು ನನ್ನ ಉದ್ದೇಶವಲ್ಲ. ಹೊಯ್ಸಳರ ಕಾಲದ ವಿಗ್ರಹಗಳುಂಟು; ನಾಣ್ಯಗಳುಂಟು; ಆಯುಧಗಳುಂಟು; ಮೈಸೂರು ಮತ್ತು ತಂಜಾವೂರು ಸಂಪ್ರದಾಯದ ಚಿತ್ರಗಳುಂಟು; ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯ ನೆಲದಿಂದ ಅಗೆದು ತೆಗೆದ ಪ್ರಾಚೀನ ವಸ್ತುಗಳುಂಟು. ಶ್ರೀರಂಗಪಟ್ಟಣದ ಕೋಟೆಯನ್ನು ಉಬ್ಬುನಕ್ಷೆಯಾಗಿ ಮಾಡಿಟ್ಟಿರುವುದೂ ಉಂಟು. 1799ರ ಮೇ 4ರಂದು ಆ ಕೋಟೆ ಬಿದ್ದ ಬಗೆಯನ್ನು ಹುಡುಗರಿಗೆ ಪಾಠದಲ್ಲಿ ಎಷ್ಟು ಸಲ ಹೇಳಿದರೂ ನದಿ ಎಲ್ಲಿ, ಗೋಡೆ ಎಲ್ಲಿ ಎಂಬುದು ಅವರ ತಲೆಗೆ ಹತ್ತುತ್ತಿರಲಿಲ್ಲ. ಆ ಉಬ್ಬುನಕ್ಷೆಯ ಸುತ್ತ ಐದು ನಿಮಿಷ ನಿಲ್ಲಿಸಿದರೆ ನಾನು ಬಾಯಿ ತೆರೆಯುವುದೇ ಬೇಡವಾಗುತ್ತಿತ್ತು.

ಇನ್ನು ಕಲ್ಲಿನ ವಿಷಯ. ಈ ಸಂಗ್ರಹದಲ್ಲಿರುವ ಎಲ್ಲ ವಸ್ತುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಆತಕೂರಿನ ಕಲ್ಲು. ಆತಕೂರು ಈಗಿನ ಮಂಡ್ಯ ಜಿಲ್ಲೆಗೆ ಸೇರಿದ ಒಂದು ಹಳ್ಳಿ. ಕಲ್ಲಿನ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ. ಎಂದರೆ ಕ್ರಿಸ್ತಶಕ 949-50. ಮೇಲ್ಭಾಗದಲ್ಲಿ ಒಂದು ನಾಯಿಯೂ ಒಂದು ಕಾಡುಹಂದಿಯೂ ಸೆಣಸುತ್ತಿರುವ ಚಿತ್ರವನ್ನು ಕಂಡರಿಸಿದ್ದಾರೆ. ಉಳಿದೆಡೆಯಲ್ಲಿ ಹಳಗನ್ನಡದ ಬರಹ. ಸಾಮಾನ್ಯವಾಗಿ ವೀರಗಲ್ಲೆಂದರೆ ಕಾದಾಡಿ ಮಡಿದ ಮನುಷ್ಯನ ಸ್ಮಾರಕ. ಕೆಳಗೆ ಯುದ್ಧ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಇಲ್ಲಿ ಅಪ್ಸರೆಯರೂ ಇಲ್ಲ, ಕೈಲಾಸವೂ ಇಲ್ಲ. ಇದು ‘ಕಾಳಿ’ ಎಂಬ ಹೆಸರಿನ ಒಂದು ನಾಯಿಗಾಗಿ ನಿಲ್ಲಿಸಿದ ಕಲ್ಲು.

ಕಥೆ ಹೀಗಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ, ಶಾಸನದಲ್ಲಿ ಕನ್ನರದೇವನೆಂದು ಕರೆಯಲ್ಪಟ್ಟವನು, ಚೋಳರಾಜನಾದ ಪರಾಂತಕನ ಮಗ ರಾಜಾದಿತ್ಯನ ಮೇಲೆ ದಂಡೆತ್ತಿ ಹೋದನು. ಈಗಿನ ತಮಿಳುನಾಡಿನಲ್ಲಿ ಅರಕ್ಕೋಣದ ಬಳಿಯಿರುವ ತಕ್ಕೋಲವೆಂಬಲ್ಲಿ ಯುದ್ಧವಾಯಿತು. ಗಂಗರಾಜನಾದ ಇಮ್ಮಡಿ ಬೂತುಗ ಕೃಷ್ಣನ ಪಕ್ಷದಲ್ಲಿದ್ದು ರಾಜಾದಿತ್ಯನನ್ನು ಕೊಂದನೆಂದು ಕಲ್ಲು ಹೇಳುತ್ತದೆ. ಮೆಚ್ಚಿದ ಕೃಷ್ಣನು ಬೂತುಗನಿಗೆ ಬನವಸೆ ಹನ್ನೆರಡು ಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇಷ್ಟು ನಾಡುಗಳನ್ನು ಕೊಟ್ಟನು. ಬೂತುಗನ ಕೈಕೆಳಗೆ ಮಣಲೇರನೆಂಬ ಭಟನಿದ್ದನು. ಅವನೂ ಆ ಕದನದಲ್ಲಿ ಒಡೆಯನ ಮುಂದೆ ನಿಂತು ಇರಿದವನು. ಅವನಿಗೆ ಆತಕೂರು ಹನ್ನೆರಡು ‘ಬಾಳ್ಗಳ್ಚು’ ಆಗಿ ದೊರೆಯಿತು.

ಈ ಶಬ್ದದ ಬಳಿ ಒಂದು ಕ್ಷಣ ನಿಲ್ಲಬೇಕು. ಬಾಳ್ ಎಂದರೆ ಕತ್ತಿ. ಕಳ್ಚು ಎಂದರೆ ತೊಳೆ. ಯುದ್ಧದಲ್ಲಿ ನೆತ್ತರಾದ ಕತ್ತಿಯನ್ನು ತೊಳೆದು ವೀರನಿಗೆ ಮಾಡಿದ ದಾನವೆಂದು ಅರ್ಥ. ಕತ್ತಿ ತೊಳೆಯುವ ಕಾಲ ಹೋಯಿತು, ಶಬ್ದವೂ ಹೋಯಿತು ಎಂದು ತಿಳಿಯಬೇಡಿ. ನಮ್ಮ ಹೆಂಗಸರು ಅಕ್ಕಿ ತೊಳೆದ ನೀರನ್ನು ಇಂದಿಗೂ ಅನೇಕ ಕಡೆ ‘ಅಕ್ಕಚ್ಚು’ ಎನ್ನುತ್ತಾರಷ್ಟೆ. ಅದರ ಬಾಲದಲ್ಲಿರುವ ‘ಕಚ್ಚು’ ಈ ಕಳ್ಚುವಿನ ಮೊಮ್ಮಗಳೇ. ಗಂಗರ ಕತ್ತಿಯ ಮಾತು ಹಸುವಿನ ಬಾನಿಯಲ್ಲಿ ಬದುಕಿಕೊಂಡಿದೆ.

ಭೂಮಿ ದೊರೆತದ್ದಾಯಿತು. ಒಡೆಯನು ಪ್ರಸನ್ನನಾಗಿ ಬೇಕಾದುದನ್ನು ಬೇಡೆಂದಾಗ ಮಣಲೇರನು ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು. ಎಂಥ ನಾಯಿಯೋ ಅದು! ಅದನ್ನು ಕೊಂಡು ಬಂದು, ಕೆಲಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಒಂದು ಹಿರಿಯ ಹಂದಿಯ ಮೇಲೆ ಬಿಟ್ಟನು. ನಾಯಿ ಹಂದಿಗಳೆರಡೂ ಒಂದನ್ನೊಂದು ಇರಿದು ಒಟ್ಟಿಗೆ ಸತ್ತುವು. ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಈ ಕಲ್ಲನ್ನು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟರು.

ಸಂಸ್ಕೃತವನ್ನು ಓದಿದ ನಮಗೆ ನಾಯಿಯ ವಿಷಯದಲ್ಲಿ ಗೌರವ ಸ್ವಲ್ಪ ಕಡಮೆಯೇ; ಶಾಸ್ತ್ರಗಳಲ್ಲಿ ಅದು ಮುಟ್ಟಬಾರದ ಪ್ರಾಣಿ. ಆದರೆ ಮಹಾಪ್ರಸ್ಥಾನದ ಕೊನೆಯಲ್ಲಿ ಧರ್ಮರಾಯನು ನಾಯಿಯನ್ನು ಹೊರಗೆ ಬಿಟ್ಟು ಬರುವ ಸ್ವರ್ಗವೇ ತನಗೆ ಬೇಡವೆಂದು ಇಂದ್ರನಿಗೆ ಹೇಳಿದ್ದೂ ಅದೇ ಸಾಹಿತ್ಯದಲ್ಲಿದೆ. ಮಣಲೇರನು ಭಾರತವನ್ನು ಕೇಳಿದ್ದನೋ ಇಲ್ಲವೋ, ಸ್ವಭಾವದಲ್ಲಿ ಅವನು ಆ ಕಡೆಯವನು.

ಒಮ್ಮೆ ಎಂಟನೆಯ ತರಗತಿಯ ಮಕ್ಕಳನ್ನು ಈ ಕಲ್ಲಿನ ಮುಂದೆ ನಿಲ್ಲಿಸಿ ಕಥೆಯೆಲ್ಲವನ್ನೂ ಹೇಳಿದೆನು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ, “ಸಾರ್, ಹಂದಿಯೂ ಸತ್ತಿತಲ್ಲ, ಅದಕ್ಕೆ ಯಾಕೆ ಕಲ್ಲು ಹಾಕಲಿಲ್ಲ?” ಎಂದನು. ಉಳಿದವರು ನಕ್ಕರು. ನಾನು, “ನಗಬೇಡಿರೋ, ಚಿತ್ರವನ್ನು ಸರಿಯಾಗಿ ನೋಡಿ” ಎಂದೆ. ಬರಹದಲ್ಲಿ ಹೆಸರು ನಾಯಿಗೆ ಮಾತ್ರ. ಚಿತ್ರದಲ್ಲಾದರೋ ಶಿಲ್ಪಿ ಹಂದಿಯ ಪಾಲನ್ನು ಕಿತ್ತುಕೊಂಡಿಲ್ಲ. ಸೋತ ಪ್ರಾಣಿಯನ್ನು ತೋರಿಸುವಂತೆ ಅದನ್ನು ಮೂಲೆಗೆ ಒತ್ತದೆ, ಸರಿಸಮನಾದ ಎದುರಾಳಿಯನ್ನಾಗಿ ಕಂಡರಿಸಿದ್ದಾನೆ. ಹುಡುಗ ಬಹಳ ಹೊತ್ತು ನೋಡಿ, “ಹಾಗಾದರೆ ಸರಿ” ಎಂದು ತೀರ್ಪು ಕೊಟ್ಟನು.

ಈ ಶಾಸನದ ಕೊನೆಯಲ್ಲಿ ಬರುವ ಒಂದು ಮಾತು ನನ್ನನ್ನು ಬಹುಕಾಲ ಕಾಡಿದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ಆ ನಾಯಿ ಮಾಡಿದ ಪಾಪ ಅವನಿಗೆ ತಗಲುವುದೆಂದು ಅಲ್ಲಿ ಬರೆದಿದೆ. ಎಂದರೆ ಕಲ್ಲು ನಿಲ್ಲಿಸಿದವರು ಅದನ್ನು ನೋಡುವ ವಸ್ತುವೆಂದು ನಿಲ್ಲಿಸಲಿಲ್ಲ. ಅದರೊಡನೆ ಭೂಮಿಯನ್ನು ಕಟ್ಟಿದರು, ಒಬ್ಬ ಮನುಷ್ಯನ ದಿನದ ಊಟವನ್ನೂ ಕಟ್ಟಿದರು. ಗುಡಿ, ಕೆರೆ, ಗದ್ದೆ, ಗೊರವ ಇವೆಲ್ಲ ಸೇರಿ ಆ ಕಲ್ಲು. ಇಂದು ಅದು ಬೆಂಗಳೂರಿನಲ್ಲಿದೆ, ಕಾವಲುಗಾರನಿದ್ದಾನೆ, ಗೊರವನಿಲ್ಲ. ಹೀಗೆ ಬೇರು ಕಿತ್ತು ತಂದ ಕಲ್ಲು ಪೂರ್ಣವಾದ ಕಲ್ಲೇ? ಊರಿನ ವಸ್ತು ಊರಿನಲ್ಲಿರಬೇಕೆ, ನಗರದ ಮಾಳಿಗೆಯ ಕೆಳಗೆ ಇರಬೇಕೆ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಬೇಗೂರಿನ ಕಲ್ಲುಗಳನ್ನು ನೋಡಬೇಕು. ಬೇಗೂರು ಬೆಂಗಳೂರಿನ ದಕ್ಷಿಣಕ್ಕೆ ಇರುವ ಹಳೆಯ ಊರು. ಈಗ ನಗರವೇ ಅದನ್ನು ನುಂಗಿಕೊಂಡಿದೆ. ಗಂಗರ ಕಾಲದಲ್ಲಿ ಅದು ಬೆಂಪೂರು. ಅಲ್ಲಿನ ಒಂದು ವೀರಗಲ್ಲನ್ನು ಸಂಗ್ರಹಾಲಯಕ್ಕೆ ತಂದರು. ಗಂಗರ ಎರೆಯಪ್ಪನ ಕಾಲದಲ್ಲಿ, ನೊಳಂಬರ ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ನಡೆದ ಕಾಳಗದಲ್ಲಿ ನಾಗತ್ತರನೆಂಬ ನಾಯಕ ಮಡಿದನು. ಅವನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೆಂಪೂರು ಹನ್ನೆರಡು ಹಳ್ಳಿಗಳನ್ನು ಕೊಟ್ಟ ಸಂಗತಿಯನ್ನು ಹಳ್ಳಿಗಳ ಹೆಸರುಗಳೊಡನೆ ಆ ಕಲ್ಲು ಹೇಳುತ್ತದೆ. ಯುದ್ಧದ ದೃಶ್ಯವಂತೂ ಅಸಾಧಾರಣವಾದದ್ದು: ಕುದುರೆ, ಆನೆ, ಕಾಲಾಳುಗಳ ಸಮ್ಮರ್ದ, ಬೆರಳಿಡುವಷ್ಟೂ ತೆರಪಿಲ್ಲ. ಕನ್ನಡನಾಡಿನ ಸಾವಿರಾರು ವೀರಗಲ್ಲುಗಳಲ್ಲಿ ಇದಕ್ಕೆ ಸಮವಾದವು ಬಹಳ ಇಲ್ಲ.

ಅದೇ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ, ಅದೇ ನಾಗತ್ತರನ ಮನೆಯವರಿಗೆ ಸಂಬಂಧಿಸಿದ ಇನ್ನೊಂದು ಕಲ್ಲು ಅಲ್ಲಿಯೇ ಉಳಿಯಿತು. ಸುಮಾರು ಕ್ರಿಸ್ತಶಕ 890ರದೆಂದು ಎಣಿಸುವ ಈ ಶಾಸನದಲ್ಲಿ ‘ಬೆಂಗುಳೂರು’ ಕಾಳಗದಲ್ಲಿ ಸತ್ತವರ ಉಲ್ಲೇಖವಿದೆ. ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯರಾಗಿದ್ದ ಆರ್. ನರಸಿಂಹಾಚಾರ್ಯರು ಅದನ್ನು 1915ರ ಸುಮಾರಿಗೆ ಬೆಳಕಿಗೆ ತಂದರು. ಬೆಂದಕಾಳೂರಿನ ಕಥೆಯನ್ನು ಹೇಳಿಕೊಂಡು ಬಂದ ನಮಗೆ, ಬಳ್ಳಾಳರಾಯ ಹುಟ್ಟುವ ಮೊದಲೇ ಈ ಹೆಸರು ಕಲ್ಲಿನ ಮೇಲಿತ್ತೆಂಬುದು ಅದರಿಂದ ತಿಳಿಯಿತು. ಹೀಗೆ ಒಂದೇ ಮನೆತನದ ಎರಡು ಕಲ್ಲುಗಳಲ್ಲಿ ಒಂದು ಸಂಗ್ರಹಾಲಯಕ್ಕೆ ಹೋಯಿತು, ಇನ್ನೊಂದು ತೌರಿನಲ್ಲಿ ನಿಂತಿತು. ಹೋದದ್ದರ ಕೆತ್ತನೆಯನ್ನು ದೇಶವಿದೇಶದ ವಿದ್ವಾಂಸರು ಕಂಡರು. ಉಳಿದದ್ದನ್ನು ಬಹುಕಾಲ ಸುತ್ತಲಿನವರೇ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಈಚೆಗೆ ಆಸಕ್ತರು ಹುಡುಕಿಕೊಂಡು ಹೋಗಲಾರಂಭಿಸಿದ ಮೇಲೆ ಊರಿನವರಿಗೂ ಅಭಿಮಾನ ಹುಟ್ಟಿದೆ.

ಊರಿನಲ್ಲಿ ಉಳಿದ ಕಲ್ಲುಗಳೆಲ್ಲಕ್ಕೂ ಇಂಥ ಅದೃಷ್ಟವಿರಲಿಲ್ಲ. ಬಿ. ಎಲ್. ರೈಸ್ ಅವರು ಬೆಂಗಳೂರಿನಲ್ಲಿಯೇ ಹುಟ್ಟಿದವರು. ಊರೂರಿನ ಶಾಸನಗಳನ್ನು ನಕಲುಮಾಡಿಸಿ, 1886ರಿಂದ 1905ರವರೆಗೆ ಎಪಿಗ್ರಾಫಿಯ ಕರ್ನಾಟಿಕ ಎಂಬ ಹನ್ನೆರಡು ಸಂಪುಟಗಳನ್ನು ಅಚ್ಚುಹಾಕಿಸಿದರು. ಅವರ ಕಾಲದಲ್ಲಿ ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿದ್ದ ಅನೇಕ ಕಲ್ಲುಗಳನ್ನು ಇಂದು ಹುಡುಕಿದರೆ ಸಿಕ್ಕುವುದಿಲ್ಲ. ಕೆಲವು ಕಟ್ಟಡದ ಪಾಯಕ್ಕೆ ಹೋದುವು. ಕೆಲವು ಚರಂಡಿಯ ಮೇಲಿನ ಹಾಸುಗಲ್ಲಾದುವು. ಬಟ್ಟೆ ಒಗೆಯುವ ಕಲ್ಲಾಗಿ ಅಕ್ಷರಗಳನ್ನು ಕಳೆದುಕೊಂಡವೂ ಉಂಟು. ಭಕ್ತಿಯಿಂದ ಆದ ಹಾನಿಯೂ ಕಡಮೆಯಲ್ಲ. ವೀರನನ್ನು ದೇವರೆಂದು ತಿಳಿದು ವರ್ಷವರ್ಷವೂ ಎಣ್ಣೆ ಸುರಿದು, ಸುಣ್ಣ ಬಳಿದು, ಬಣ್ಣ ಹಚ್ಚಿದರೆ ನಾಲ್ಕು ತಲೆಮಾರಿನಲ್ಲಿ ಬರಹವೆಲ್ಲ ಮುಚ್ಚಿಹೋಗುತ್ತದೆ.

ಆದುದರಿಂದ ಆತಕೂರಿನ ಕಲ್ಲನ್ನು ಹಿಂದಿರುಗಿಸಬೇಕೆಂದು ನಾನು ಹೇಳುವವನಲ್ಲ. ತಂದದ್ದರಿಂದ ಅದು ಉಳಿಯಿತು. ಇಲ್ಲದಿದ್ದರೆ ಕಾಳಿಯ ಹೆಸರು ಯಾವ ಪಾಯದಲ್ಲಿ ಹೂತುಹೋಗುತ್ತಿತ್ತೋ! ಆದರೆ ಆತಕೂರಿನ ಮಕ್ಕಳಿಗೆ ಅದರ ಮೇಲೆ ಹಕ್ಕುಂಟು. ಅಂಥ ಕಲ್ಲಿನ ತದ್ರೂಪವಾದ ಅಚ್ಚೊಂದು ಅದರ ಊರಿನ ಶಾಲೆಯ ಅಂಗಳದಲ್ಲಿ ನಿಲ್ಲಬೇಕೆಂಬುದು ನನ್ನ ಅಭಿಪ್ರಾಯ. ಇದು ಈಗ ಕಷ್ಟದ ಕೆಲಸವಲ್ಲ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಈಚೆಗೆ ನಗರದ ಸುತ್ತಣ ಶಾಸನಗಳನ್ನು ಕಲ್ಲಿದ್ದಲ್ಲಿಗೇ ಹೋಗಿ ಯಂತ್ರದಿಂದ ಅಳೆದು, ಉಬ್ಬುತಗ್ಗುಗಳ ಸಮೇತ ಗಣಕದಲ್ಲಿ ಸಂಗ್ರಹಿಸುತ್ತಿದ್ದಾರೆ. ಸವೆದುಹೋಗಿ ಬರಿಗಣ್ಣಿಗೆ ಕಾಣದ ಅಕ್ಷರಗಳೂ ಅದರಲ್ಲಿ ಮೂಡಿಬರುತ್ತವೆ. ಕಲ್ಲು ಊರಿನಲ್ಲಿರಲಿ, ಸಂಗ್ರಹಾಲಯದಲ್ಲಿರಲಿ, ಅದರ ಪ್ರತಿರೂಪವೊಂದು ನಾಶವಾಗದಂತೆ ಇರುತ್ತದೆ.

ಇದ್ದ ಸ್ಥಳದಲ್ಲಿಯೇ ಉಳಿಸಿಕೊಂಡದ್ದಕ್ಕೆ ಹೆಬ್ಬಾಳದ ಕಲ್ಲು ನಿದರ್ಶನ. 2018ರಲ್ಲಿ ಅಲ್ಲಿ ಚರಂಡಿಗಾಗಿ ಅಗೆಯುವಾಗ ಒಂದು ವೀರಗಲ್ಲು ಹೊರಬಂತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿಸ್ತಶಕ 750ರದು. ಪೆರ್ಬೊಳಲು ನಾಡು ಮೂವತ್ತರ ಮೇಲೆ ರಟ್ಟರ ಪಡೆ ಬಂದಾಗ ಕಾದಿ ಸತ್ತ ಕಿತ್ತಯ್ಯನೆಂಬವನ ನೆನಪಿನದು. ಹೆಬ್ಬಾಳವೆಂಬ ಹೆಸರಿನ ಮೂಲ ಆ ಪೆರ್ಬೊಳಲಿನಲ್ಲಿದೆ. ಮಣ್ಣಿನೊಡನೆ ಅದನ್ನೂ ಲಾರಿಗೆ ತುಂಬಿಬಿಡುವುದು ಸುಲಭವಾಗಿತ್ತು. ಆದರೆ ವಿಷಯ ತಿಳಿದ ನಾಗರಿಕರು ಓಡಿಬಂದು, ಸ್ಥಳೀಯರನ್ನು ಒಪ್ಪಿಸಿ, ಕಲ್ಲನ್ನು ಊರಿನಲ್ಲಿಯೇ ಉಳಿಸಿಕೊಂಡರು. ಓದುವವರಲ್ಲಿ ಯಾರ ಹೊಲದಲ್ಲಾದರೂ, ಹಿತ್ತಿಲಿನಲ್ಲಾದರೂ ಬರಹದ ಕಲ್ಲಿದ್ದರೆ ಅದಕ್ಕೆ ಎಣ್ಣೆ ಬಣ್ಣಗಳನ್ನು ಹಚ್ಚದೆ, ಉಜ್ಜಿ ತೊಳೆಯದೆ, ಓರೆಯಾದ ಬಿಸಿಲು ಬೀಳುವ ಬೆಳಗಿನ ಹೊತ್ತಿನಲ್ಲಿ ಒಂದು ಛಾಯಾಚಿತ್ರ ತೆಗೆದು ತಿಳಿದವರಿಗೆ ತೋರಿಸಿದರೆ ಸಾಕು. ನೇರ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ. ಪಕ್ಕದ ಬೆಳಕಿನಲ್ಲಿ ತಾನೇ ಎದ್ದು ನಿಲ್ಲುತ್ತದೆ.

ಕಲ್ಲಿನ ಮಾತು ಹೀಗಾಯಿತು. ಊರೋ ಸಂಗ್ರಹಾಲಯವೋ ಎಂಬ ಚರ್ಚೆಗೆ ಎಡೆಯೇ ಇಲ್ಲದ ವಸ್ತುಗಳೂ ಉಂಟು. ಕಲ್ಲು ಸಾವಿರ ವರ್ಷ ಬಿಸಿಲು ಮಳೆಗಳಲ್ಲಿ ನಿಂತೀತು. ಕಾಗದದ ಮೇಲಣ ನೀರುಬಣ್ಣ ಒಂದು ತಲೆಮಾರಿನ ಬಿಸಿಲನ್ನೂ ತಾಳದು. ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕದಲ್ಲಿ ಸೀತಾರಾಮರೂ ಲಕ್ಷ್ಮಣನೂ ತಮ್ಮದೇ ಚರಿತ್ರೆಯ ಚಿತ್ರಗಳನ್ನು ನೋಡಿ ಕಣ್ಣೀರಿಡುತ್ತಾರೆ. ಆ ಚಿತ್ರಗಳು ಗೋಡೆಯ ಮೇಲೆ ಎಷ್ಟು ವರ್ಷ ಉಳಿದವೋ ಕವಿ ಹೇಳಿಲ್ಲ.

ಸಂಗ್ರಹಾಲಯದ ಮಗ್ಗುಲಲ್ಲಿ 1970ರ ದಶಕದಲ್ಲಿ ತೆರೆದ ಚಿತ್ರಶಾಲೆ ಕೆ. ವೆಂಕಟಪ್ಪನವರ ಹೆಸರಿನದು. ಅವರು ಮೈಸೂರಿನ ಸಾಂಪ್ರದಾಯಿಕ ಚಿತ್ರಗಾರರ ಮನೆತನದವರು; ಹುಟ್ಟಿದ್ದು 1886ರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿದರು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರು ಬರೆದು 1913ರಲ್ಲಿ ಹೊರಬಂದ ಪುರಾಣಕಥೆಗಳ ಪುಸ್ತಕದಲ್ಲಿ ಇವರ ಚಿತ್ರಗಳೂ ಸೇರಿವೆ. ಮೈಸೂರಿಗೆ ಬಂದ ಮೇಲೆ ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಅದು ಹವ್ಯಾಸದ ಕಲಿಕೆಯಲ್ಲ. ಕುಂಚವನ್ನು ಪಕ್ಕಕ್ಕಿಟ್ಟು ಮಾಡಿದ ಸಾಧನೆ. ವಿವಾಹವಾಗದೆ, ಯಾರಿಗೂ ತಲೆಬಾಗದೆ, ಮಿತವಾಗಿ ಬದುಕಿ 1965ರಲ್ಲಿ ತೀರಿಕೊಂಡರು.

ಅವರ ಪೌರಾಣಿಕ ಚಿತ್ರಗಳನ್ನು ನೋಡಿ ಕಲ್ಕತ್ತೆಯ ಪಾಠ ಚೆನ್ನಾಗಿ ಒಪ್ಪಿಸಿದ್ದಾರೆ ಎಂದು ಹೇಳಬಹುದು. ಬಿಳಿಯ ಗಾರೆಯಲ್ಲಿ ಮಾಡಿದ ಉಬ್ಬುಚಿತ್ರಗಳ ಮುಂದೆ ನಿಂತಾಗ ಕೈಚಳಕಕ್ಕೆ ಬೆರಗಾಗುತ್ತೇವೆ. ಆದರೆ ಅವರು ಊಟಿಯಲ್ಲಿಯೂ ಕೊಡೈಕನಾಲಿನಲ್ಲಿಯೂ ಇದ್ದು ಬರೆದ ಬೆಟ್ಟಗುಡ್ಡಗಳ ನೀರುಬಣ್ಣದ ಚಿತ್ರಗಳು ಬೇರೆಯೇ ತೂಕದವು. ಮಂಜು, ಮರ, ನೀರು, ಇವುಗಳ ಮೇಲೆ ಆಯಾ ಹೊತ್ತಿನ ಬೆಳಕು. ಅದೇ ಬೆಟ್ಟಗಳನ್ನು ಬಿಡಿಸಿದ ಅಗ್ಗದ ಚಿತ್ರಗಳನ್ನು ಅಂಗಡಿಗಳಲ್ಲಿ ಎಷ್ಟೋ ನೋಡಿದ್ದೇವೆ. ಅವುಗಳ ನೆನಪನ್ನೆಲ್ಲ ಇವು ಒರಸಿಹಾಕುತ್ತವೆ. ಅತ್ಯಂತ ಸಣ್ಣ ವಿವರವನ್ನೂ ಬಿಡದೆ ಬರೆದಿದ್ದರೂ ಚಿತ್ರ ಭಾರವಾಗಿಲ್ಲ. ಮೊದಲನೆಯ ಸಲ ಮೂರಡಿ ದೂರದಿಂದ ನೋಡಬೇಕು. ಎರಡನೆಯ ಸಲ ಹತ್ತಿರ ಹೋಗಬೇಕು. ಗಾಜಿನ ಮೇಲೆ ಉಸಿರು ತಾಕದಂತೆ. ಇಷ್ಟೊಂದು ಕೃತಿಗಳು ಒಂದೊಂದು ಮನೆಗೆ ಒಂದೊಂದಾಗಿ ಚದುರದೆ ಒಂದೇ ಸೂರಿನಡಿ ಸೇರಿದ್ದು ನಮ್ಮ ಪುಣ್ಯ.

ಹೋಗುವವರಿಗೆ ಒಂದು ಸೂಚನೆ. ಇಂಥ ಹಳೆಯ ಕಟ್ಟಡಗಳಲ್ಲಿ ದುರಸ್ತಿಯ ನಿಮಿತ್ತ ಕೆಲವು ಅಂಗಣಗಳನ್ನು ಆಗಾಗ ಮುಚ್ಚುವುದುಂಟು. ಮಕ್ಕಳನ್ನು ಹೊರಡಿಸುವ ಮೊದಲು ವಿಚಾರಿಸಿಕೊಳ್ಳಿ. ಕಾಗದ ಪೆನ್ಸಿಲುಗಳನ್ನು ಅವರ ಕೈಯಲ್ಲಿ ಕೊಡಿ. ಕಾಳಿಯ ಕಲ್ಲಿನ ಬರಹದಲ್ಲಿ ಈಗಿನ ನಮ್ಮ ಅಕ್ಷರಗಳನ್ನು ಹೋಲುವ ಅಕ್ಷರಗಳು ಎಷ್ಟು ಸಿಕ್ಕುತ್ತವೆಯೆಂದು ಹುಡುಕಹೇಳಿ. ನನ್ನ ಶಿಷ್ಯರಲ್ಲಿ ಹೆಚ್ಚಿನವರು ಮೊದಲು ಕಂಡುಹಿಡಿಯುತ್ತಿದ್ದುದು ‘ರ’ ಮತ್ತು ‘ಗ’.